ಆಳಂದದಿಂದ ಜೇವರ್ಗಿಗೆ, ಒಲೆ ಸಮೇತ

1939ರ ಏಪ್ರಿಲ್ ಕೊನೆಯ ವಾರ ನಮ್ಮ ಅಜ್ಜಿ ಆಳಂದದಿಂದ ಜೇವರ್ಗಿಗೆ ಹೊರಟಳು. ಒಲೆಯನ್ನೂ ಜೊತೆಗೆ ಒಯ್ದಳು.

ಜೇವರ್ಗಿಯಲ್ಲಿ ಅವಳ ತಂಗಿ ಇದ್ದಳು. ಒಂಬತ್ತು ವರ್ಷದ ಹಿಂದೆ ತಂಗಿ ಆಳಂದಕ್ಕೆ ಬಂದದ್ದೇ ಇಬ್ಬರ ಕೊನೆಯ ಭೇಟಿ. ಹೊರಡುವ ಮುಂಚಿನ ಯುಗಾದಿಗೆ ಬಂದ ಬಳೆಗಾರನ ಬಾಯಲ್ಲಿ ತಂಗಿ ಹೇಳಿ ಕಳಿಸಿದ್ದಳು: ‘ಕಣ್ಣಿಗೆ ಪರೆ ಬರಾಕತ್ತೈತಿ. ನಿನ್ನ ಮಾರಿ ಕಾಣದಂಗ ಆಗೂದ್ರಾಗ ಒಮ್ಮೆ ಬಂದು ಹೋಗಬೇ.’

ಹೋಗಲು ಅಡ್ಡಿಯಾಗಿದ್ದುದು ಅಜ್ಜಿಯ ವ್ರತ. ಅಜ್ಜ ತೀರಿಕೊಂಡ ಮೇಲೆ ಹನ್ನೆರಡು ವರ್ಷದಿಂದ ಅವಳು, ತನ್ನ ಮನೆಯ ಮಣ್ಣಿನಿಂದ ಕಟ್ಟಿದ ಒಲೆಯ ಮೇಲೆ ತಾನೇ ಬೇಯಿಸಿದ್ದನ್ನು ಬಿಟ್ಟು ಬೇರೆ ಅನ್ನ ಮುಟ್ಟಿರಲಿಲ್ಲ. ಬೀಗರ ಮನೆಯ ಊಟವಿಲ್ಲ. ಮಠದ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ನಮಗೆ ಕೊಡುತ್ತಿದ್ದಳು.

ದಾರಿ ಹುಡುಕಿದವನು ಕಾಕಾ, ಅಂದರೆ ಅಜ್ಜಿಯ ಕಿರಿಯ ಮಗ. ಅವನು ಆಳಂದದಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದ. ಅವನ ಅಂಗಳದಲ್ಲಿ ಹಳೆಯ ಬಸ್ಸೊಂದು ಎರಡು ವರ್ಷದಿಂದ ನಿಂತಿತ್ತು. ಸೀಟುಗಳನ್ನು ಕಿತ್ತು ಎರಡು ಮಂಚ ಹಾಕಿದ. ಹಿತ್ತಾಳೆ ಕೊಡವನ್ನು ಕಂಬಕ್ಕೆ ಕಟ್ಟಿದ. ಬಿಸಿಲಿಗೆಂದು ಛತ್ತಿನ ಮೇಲೆ ಜೋಳದ ಕಣಿಕೆ ಹೊದಿಸಿದ. ಡ್ರೈವರ್ ಸೀಟಿನ ಹಿಂದೆ, ಕಿಟಕಿಯ ಪಕ್ಕ ತಗಡು ಹಾಸಿದ. ಅದರ ಮೇಲೆ ಅಜ್ಜಿ ಅಂಗಳದ ಮಣ್ಣು ಕಲಸಿ ಒಲೆ ಕಟ್ಟಿದಳು. ರಿಪೇರಿಗೆಂದು ಕಾಕಾನೂ ಜೊತೆಗೆ ಹತ್ತಿದ; ಬಸ್ಸು ಓಡಿಸುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಇಪ್ಪತ್ತೊಂದು ವರ್ಷ, ಬೇರೆ ಕೆಲಸವಿರಲಿಲ್ಲ.

ನಾವು ಜಿಡಗಾ ಊರು ಮುಟ್ಟುವುದರೊಳಗೆ ಒಲೆ ಒಡೆಯಿತು. ನಮ್ಮ ಅಂಗಳದ್ದು ಕಪ್ಪು ಎರೆಮಣ್ಣು, ಒಣಗಿದರೆ ಬಿರಿಯುತ್ತದೆ. ಹುತ್ತದ ಮಣ್ಣು ಗಟ್ಟಿ ಎಂದು ಕಾಕಾ ಸೂಚಿಸಿದ.

‘ಹುತ್ತ ಅಂದ್ರ ಹಾವಿನ ಮನಿ. ಹಾವಿನ ಮನಿ ಮಣ್ಣಾಗ ಅನ್ನ ಮಾಡು ಅಂತಿಯೇನಲೇ?’ ಎಂದಳು ಅಜ್ಜಿ.

ಅವಳು ಇದನ್ನು ಮೊದಲೇ ಊಹಿಸಿದ್ದಳು. ಮಂಚದ ಕೆಳಗೆ ಅಂಗಳದ ಮಣ್ಣಿನ ಒಂದು ಚೀಲ ಇಟ್ಟುಕೊಂಡಿದ್ದಳು. ಮುಂದೆ ತಂಗಿದಲ್ಲೆಲ್ಲ ಹಳೆಯ ಒಲೆ ಕೆಡವಿ ಹೊಸದು ಕಟ್ಟುವುದು ರೂಢಿಯಾಯಿತು.

ನಸುಕಿನಲ್ಲಿ ಹೊರಟು, ಬಿಸಿಲೇರಿದಾಗ ಯಾವುದಾದರೂ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದೆವು. ಮೋಟಾರು ಓಡುತ್ತಿರುವಾಗ ಅಜ್ಜಿ ಹಿಂದಿನ ಬಾಗಿಲಲ್ಲಿ ಕಾಲು ಚಾಚಿ ಕೂತು ಶೇಂಗಾ ಸುಲಿಯುತ್ತಿದ್ದಳು. ಎರಡನೆಯ ದಿನ ಹೇಳಿದಳು: ‘ನಾ ಮನ್ಯಾಗ ಕುಂತಲ್ಲೇ ಕುಂತೇನಿ, ಊರೇ ಬಂದು ಮಾರಿ ತೋರಿಸಿ ಹೋಗಾಕತ್ತಾವಲ್ಲೋ!’

ಚೌಡಾಪುರದಲ್ಲಿ ನಮ್ಮನ್ನು ಕಂಡು ಜನ ಹೊಲದ ಕಡೆ ಓಡಿದರು. ಹಿಂದಿನ ವರ್ಷ ಕಾಲರಾದ ಸೂಜಿ ಹಾಕುವವರು ಇಂಥದೇ ಮೋಟಾರಿನಲ್ಲಿ ಬಂದಿದ್ದರಂತೆ. ಒಬ್ಬ ಹೆಂಗಸು ಮಾತ್ರ ಧೈರ್ಯ ಮಾಡಿ ಕಿಟಕಿಯ ಹತ್ತಿರ ಬಂದಳು.

‘ಸೂಜಿ ಚುಚ್ಚಾವ್ರೇನ್ರಿ?’

ಅಜ್ಜಿ ಸೌಟು ಹೊರಗೆ ಹಿಡಿದು ತೋರಿಸಿದಳು. ‘ಚುಚ್ಚಾವ್ರಲ್ಲವ್ವಾ, ಝುಣಕ ತಿರುವಾವ್ರು. ಬರ್ರಿ ಒಳಗ.’

ಅರ್ಧ ಗಂಟೆಯಲ್ಲಿ ಕಡಲೆಹಿಟ್ಟಿನ ಝುಣಕ ಮುಗಿಯಿತು. ಕಾಕಾನಿಗೆ ಸಿಗಲಿಲ್ಲ.

ಅಫಜಲಪುರದ ಸುಂಕದ ನಾಕಾದಲ್ಲಿ ಒಬ್ಬ ಮುನ್ಶಿ ವಹಿ ತೆರೆದು, ಇದು ಘರ್ ಎಂದು ಬರೆಯಲೋ ಗಾಡಿ ಎಂದು ಬರೆಯಲೋ ಎಂದು ಕೇಳಿದ. ಅಜ್ಜಿಯೇ ಉತ್ತರ ಕೊಟ್ಟಳು: ‘ಹೊಗಿ ನೋಡಿ ಬರಕೋಪಾ. ಮುಂದ ಹೊಗಿ ಬಂದ್ರ ಮನಿ, ಹಿಂದ ಹೊಗಿ ಬಂದ್ರ ಗಾಡಿ.’ ಅವನು ನಕ್ಕು ಗಾಡಿ ಎಂದು ಬರೆದುಕೊಂಡ.

ಸೊನ್ನದ ಹತ್ತಿರ ಭೀಮೆಯನ್ನು ದಾಟಬೇಕಿತ್ತು. ಬೇಸಿಗೆಯಾದ್ದರಿಂದ ಪಾತ್ರದ ತುಂಬ ಉಸುಕು, ನಡುವೆ ಮೊಣಕಾಲುದ್ದ ನೀರು. ಅಜ್ಜಿ ಹೊಳೆಗೆ ಅರಿಶಿನ ಕುಂಕುಮ ಹಾಕಿದಳು. ದಾಟಿದ ಮೇಲೆ ಅಡುಗೆ ಮಾಡುವುದೆಂದು ನಿರ್ಧಾರವಾಗಿತ್ತು. ನೀರಿನ ನಟ್ಟನಡುವೆ ಹಿಂದಿನ ಗಾಲಿ ಹೂತಿತು. ಕಾಕಾ ಗಾಲಿಯ ಕೆಳಗೆ ಜಾಲಿಯ ಟೊಂಗೆ ಕೊಟ್ಟ, ಕಲ್ಲು ಕೊಟ್ಟ. ಗಾಲಿ ಇನ್ನೂ ಇಳಿಯಿತು. ಅವನು ಮೋಟಾರಿನೊಳಗೆ ಹೋಗಿ ಏನನ್ನೋ ಎಳೆದು ತಂದ ಸದ್ದಾಯಿತು. ‘ಹೊಡೀಲೇ ಈಗ!’ ಎಂದು ಕೂಗಿದ. ನಾನು ಹೊಡೆದೆ. ಮೋಟಾರು ನೆಗೆದು ಆಚೆಯ ಒಣ ಉಸುಕಿಗೆ ಬಂದು ನಿಂತಿತು. ಆ ನೆಗೆತಕ್ಕೆ ಒಲೆ ಮೂರು ಹೋಳಾಗಿ ಹಿಂದಿನ ಬಾಗಿಲಿಂದ ಹೊಳೆಗೆ ಉರುಳಿತು.

ಅಜ್ಜಿ ಮಂಚದ ಕೆಳಗೆ ನೋಡಿದಳು. ‘ಚೀಲ ಎಲ್ಲೈತೋ?’

‘ಗಾಲಿ ತಳಗ ಐತೆವ್ವಾ,’ ಎಂದ ಕಾಕಾ.

‘ತಳಗ ಯಾಕ ಇಟ್ಟಿ?’

‘ಇಟ್ಟಿಲ್ಲ. ಸುರುವೇನಿ.’

ಮೂವರೂ ಹಿಂದೆ ತಿರುಗಿ ನೋಡಿದೆವು. ಗಾಲಿ ಹೂತಿದ್ದ ಜಾಗದಿಂದ ನೀರು ಕಪ್ಪಾಗಿ ಕೆಳಗೆ ಹರಿಯುತ್ತಿತ್ತು.

‘ನನ್ನ ಮನಿ ಹೊಳಿಗೆ ಸುರುವಿದೇನೋ ಭಾಡ್ಯಾ!’ ಎಂದಳು ಅಜ್ಜಿ. ಇನ್ನೂ ಕೆಲವು ಮಾತು ಹೇಳಿದಳು. ಕಾಕಾ ಮಗನಾಗಿದ್ದರಿಂದ ಕೇಳಿಕೊಂಡ.

ಜೇವರ್ಗಿ ಇನ್ನೊಂದು ದಿನದ ದಾರಿ. ಅಜ್ಜಿ ಹಿಂದಿನ ಸಂಜೆ ಉಂಡದ್ದೇ ಕೊನೆ. ಒಡೆದ ಒಲೆಯ ಮಣ್ಣು ಹೊಳೆಯ ಉಸುಕಿನಲ್ಲಿ ಬೆರೆತುಹೋಗಿತ್ತು. ಉಪವಾಸವಿದ್ದೇ ಹೋಗೋಣ ಎಂದು ನಾನು ಹೇಳಿದೆ.

‘ಆಕಿ ಮನ್ಯಾಗ ಹೋಗಿ ಉಪಾಸ ಕುಂತ್ರ ಆಕಿ ಅಳತಾಳ. ಇದ್ದ ಕಣ್ಣೂ ಹೋದಾವು. ಬ್ಯಾಡ, ಆಳಂದಕ್ಕ ಹೊಳ್ಳಿಸ್ರಿ.’

ಹೊಳೆಯ ಉಸುಕಿನಲ್ಲಿ ಕಲ್ಲಂಗಡಿ, ಸೌತೆಯ ಬಳ್ಳಿ ಹಬ್ಬಿಸಿದ್ದರು. ಅದನ್ನು ಕಾಯುತ್ತಿದ್ದ, ಅಜ್ಜಿಯ ವಯಸ್ಸಿನ ಹೆಂಗಸೊಬ್ಬಳು ನಮ್ಮ ಮೋಟಾರು ನೋಡಲು ಬಂದಿದ್ದಳು. ಕಾಕಾ ಬಾನೆಟ್ ತೆರೆದಿದ್ದ. ಅವಳು ಅಜ್ಜಿಯ ಹತ್ತಿರ ಕುಕ್ಕುರಗಾಲಲ್ಲಿ ಕೂತಳು.

‘ಇಷ್ಟು ದೂರ ಬಂದು ಯಾಕ ಹೊಳ್ಳಾಕತ್ತೀರಿ?’

ಅಜ್ಜಿ ವ್ರತದ ವಿಷಯ ಹೇಳಿದಳು. ‘ನನ್ನ ಮನಿ ಮಣ್ಣಿನ ಒಲಿ ಮ್ಯಾಲ ಬೆಂದಿದ್ದೇ ಆಗಬೇಕವ್ವಾ.’

‘ಬೆಂದಿದ್ದು ಹೌದ್ರಿ. ಬೇಯದಿದ್ದಕ್ಕ ಏನಂತೈತಿ ನಿಮ್ಮ ವ್ರತ?’

ಹನ್ನೆರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

‘ಅದಕ್ಕ ಏನೂ ಅಂದಿಲ್ಲ,’ ಎಂದಳು ಅಜ್ಜಿ.

‘ಮತ್ತ? ಹಣ್ಣಿಗೆ ಬೆಂಕಿಲ್ಲ, ಮುಸುರಿಲ್ಲ. ಮಣ್ಣಂದ್ರ ಈ ಹೊಳೀದು. ನಿಮ್ಮ ಮನಿ ಮಣ್ಣೂ ಈಗ ಇದರಾಗೇ ಐತಲ್ರೀ.’

ಅಜ್ಜಿ ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಸೆರಗು ಬಾಯಿಗೆ ಹಿಡಿದು. ಆ ಹೆಂಗಸು ಒಂದು ಕಲ್ಲಂಗಡಿಯನ್ನು ಕಲ್ಲಿಗೆ ಕುಕ್ಕಿ ಎರಡು ಮಾಡಿದಳು. ಅಜ್ಜಿ ಅರ್ಧ ಹಣ್ಣನ್ನು ಒಬ್ಬಳೇ ತಿಂದಳು, ಉಳಿದರ್ಧ ನಮ್ಮಿಬ್ಬರಿಗೆ. ತಂಗಿಗೆಂದು ತಂದಿದ್ದ ಎರಡು ಕುಪ್ಪಸದ ಖಣಗಳಲ್ಲಿ ಒಂದನ್ನು ಆ ಹೆಂಗಸಿನ ಉಡಿಗೆ ಹಾಕಿದಳು. ಅವಳು ಎರಡನೆಯ ಮಂಚದ ಕೆಳಗೆ ಹಿಡಿಯುವಷ್ಟು ಹಣ್ಣು ತುಂಬಿಸಿದಳು. ಮುಂದಿನ ಉಸುಕಿನಲ್ಲಿ ಅವಳ ಎತ್ತುಗಳೇ ಮೋಟಾರನ್ನು ದಂಡೆಗೆ ಎಳೆದವು. ನಾನು ಸುಮ್ಮನೆ ಚಕ್ರ ಹಿಡಿದು ಕೂತಿದ್ದೆ.

ಮರುದಿನ ಮಧ್ಯಾಹ್ನದೊಳಗೆ ಜೇವರ್ಗಿ ತಲುಪಿದೆವು. ದಾರಿಯುದ್ದಕ್ಕೂ ಅಜ್ಜಿ ಹಿಂದಿನ ಬಾಗಿಲಲ್ಲಿ ಕೂತು ಹಣ್ಣು ತಿನ್ನುತ್ತ ಬಂದಳು. ತಂಗಿ ಕಟ್ಟೆಯ ಮೇಲೆ ಕೂತಿದ್ದಳು. ಅಕ್ಕನ ದನಿ ಕೇಳಿ ಎದ್ದು ಬಂದು, ಎರಡೂ ಕೈಯಲ್ಲಿ ಮುಖ ಹಿಡಿದು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು.

‘ಮಾರಿ ತುಂಬ ಕಲ್ಲಂಗಡಿ ರಸ ಬಡಕೊಂಡೀಯಲ್ಲಬೇ!’

‘ಕಾಣ್ತೈತೇನ ನಿನಗ?’

‘ಗದ್ದದ ಮ್ಯಾಲಿನ ಬೀಜಾನೂ ಕಾಣ್ತೈತಿ.’

ಅಜ್ಜಿ ಅಲ್ಲಿ ಹನ್ನೊಂದು ದಿನ ಇದ್ದಳು. ಕಲ್ಲಂಗಡಿ, ಸೌತೆಕಾಯಿ, ನೆನೆಸಿದ ಹೆಸರುಬೇಳೆ ತಿಂದಳು. ತಂಗಿಯೂ ಅವಳ ಜೊತೆ ಅದನ್ನೇ ತಿಂದಳು. ಹನ್ನೆರಡನೆಯ ದಿನ ಆಳಂದಕ್ಕೆ ಹೊರಟಾಗ ಎರಡನೆಯ ಮಂಚದ ಮೇಲೆ ತಂಗಿ ಕೂತಿದ್ದಳು. 1940ರ ಯುಗಾದಿಗೂ ಆಕೆ ಆಳಂದದಲ್ಲೇ ಇದ್ದಳು.