ನಾನಿಲ್ಲದ ಖೋಲಿಯ ಕರೆಂಟು ಉಳಿತಾಯ

ಯಾದಗಿರಿಯ ನಮ್ಮ ಕಚೇರಿಗೆ ಕರೆಂಟು ಉಳಿಸುವ ಯಂತ್ರ ಬಂದ ವರ್ಷ ಎಲ್ಲರಿಗಿಂತ ಹೆಚ್ಚು ಉಳಿಸಿದವಳು ನಾನು. ಹೆಮ್ಮೆಪಡುವ ಮಾತಲ್ಲ, ಕೇಳಿ. ಪ್ರತಿ ಖೋಲಿಯ ಮೂಲೆಗೂ ಒಂದು ಸೆನ್ಸರ್ ಕೂಡಿಸಿದರು. ಹತ್ತು ನಿಮಿಷ ಯಾರೂ ಅಲುಗಾಡದಿದ್ದರೆ, ಒಳಗೆ ಜನ ಇಲ್ಲವೆಂದು ತಿಳಿದು ಅದು ಲೈಟು, ಫ್ಯಾನು ಎರಡನ್ನೂ ಆರಿಸುತ್ತದೆ.

ಬೇರೆ ಖೋಲಿಗಳಲ್ಲಿ ಅದಕ್ಕೆ ಕೆಲಸವೇ ಇರಲಿಲ್ಲ. ಅಲ್ಲಿ ಚಹಾ, ಹರಟೆ, ಓಡಾಟ, ಅಲುಗಾಟಕ್ಕೇನು ಬರ! ನಾನಿದ್ದದ್ದು ಹಳೆಯ ದಾಖಲೆಗಳ ಖೋಲಿ, ಕಿಟಕಿ ಇಲ್ಲ. ಮಾಸಿದ ಶಾಯಿಯಲ್ಲಿ ಒಂದು ಸರ್ವೆ ನಂಬರು ಹುಡುಕಲು ಕೂತರೆ ಮೈಮೇಲೆ ಖಬರೇ ಇರುವುದಿಲ್ಲ. ಸರಿಯಾಗಿ ನಂಬರು ಸಿಗುವ ಹೊತ್ತಿಗೆ ಕತ್ತಲು. ನಮ್ಮೂರ ಬೇಸಿಗೆ ಬೇರೆ. ಎದ್ದು ಸೆನ್ಸರ್ ಮುಂದೆ ಹೋಗಿ ಕೈ ಬೀಸಿದರೆ ಮಾತ್ರ ಲೈಟು ಮತ್ತೆ ಹೊತ್ತುತ್ತಿತ್ತು. ನಾಲ್ಕು ಬೈದು ಬಂದು ಕೂಡುತ್ತಿದ್ದೆ.

ಆರು ತಿಂಗಳಿಗೆ ಯಂತ್ರದ ವರದಿ ಬಂತು: ದಾಖಲೆ ಖೋಲಿ ದಿನದ ಬಹುಪಾಲು ಖಾಲಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಹೊಸ ಸಾಹೇಬರು ವರದಿ ನಂಬಿ, ನನ್ನನ್ನು ಹುಣಸಗಿಗೆ ವರ್ಗಾವಣೆ ಮಾಡುವ ಕಾಗದ ಸಿದ್ಧ ಮಾಡಿಸಿಯೇ ಬಿಟ್ಟರು. ಹನ್ನೆರಡು ವರ್ಷ ನಾನು ಬೆನ್ನು ಬಗ್ಗಿಸಿದ್ದು ಈ ಖೋಲಿಯಲ್ಲಿ. ಅಳು ಬಂತು, ಅದಕ್ಕೂ ಮೊದಲು ಸಿಟ್ಟು ಬಂತು.

ಕಾಗದ ಹಿಡಿದು ಸಾಹೇಬರೇ ಬಂದರು. ಆಗ ಮುದನಾಳದ ಮುದುಕರೊಬ್ಬರು ತಮ್ಮ ಅಜ್ಜನ ಹೊಲದ ದಾಖಲೆ ಬೇಕೆಂದು ನಿಂತಿದ್ದರು.

“ದಿನಾ ಎಲ್ಲಿಗಿ ಹೋಗ್ತೀರಿ ಮೇಡಂ?” ಎಂದರು ಸಾಹೇಬರು.

“ಎಲ್ಲೂ ಹೋಗಂಗಿಲ್ರಿ ಸಾಹೇಬ್ರ. ಈ ಯಜಮಾನ್ರ ಹೊಲದ ನಂಬರ್ ಒಮ್ಮಿ ನೀವ ಹುಡುಕಿ ನೋಡ್ರಿ,” ಎಂದು ಹಳೆಯ ಪುಸ್ತಕವನ್ನು ಅವರ ಮುಂದಿಟ್ಟೆ.

ಸಾಹೇಬರಿಗೂ ಹಟ. ಕೂತರು, ಕಣ್ಣು ಕಿರಿದು ಮಾಡಿದರು, ಮುಳುಗಿಯೇ ಹೋದರು. ನಮ್ಮ ಕಡೆಯ ಹಿರಿಯರು ಸಾಹೇಬರ ಮುಂದೆ ಕೈಕಟ್ಟಿ ನಿಂತರೆ ಕಂಬವೇ ಸರಿ. ಮುದುಕರು ಹಾಗೇ ನಿಂತರು. ನಾನು ಬೇಕೆಂದೇ ಗೋಡೆಗೆ ಒರಗಿ ಕಲ್ಲಾದೆ. ಮೂಗಿನ ಮೇಲೆ ನೊಣ ಕೂತರೂ ಓಡಿಸಲಿಲ್ಲ.

ಲೈಟು ಹೋಯಿತು, ಫ್ಯಾನೂ ನಿಂತಿತು.

“ಯಾರ್ರೀ ಲೈಟ್ ಆರ್ಸಿದವ್ರು? ನಾ ಇಲ್ಲೇ ಕೂತೀನಿ!” ಸಾಹೇಬರು ಕೂಗಿದರು.

“ನೀವು ಇಲ್ರಿ ಸಾಹೇಬ್ರ,” ಎಂದೆ. “ಖೋಲಿ ಖಾಲಿ ಅದ ಅಂತ ವರದಿ ಹೋಗ್ಯದ.”

ಆ ಕತ್ತಲಲ್ಲೇ ಸಾಹೇಬರು ವರ್ಗಾವಣೆಯ ಕಾಗದ ಹರಿಯುವ ಸಪ್ಪಳ ಕೇಳಿಸಿತು.