ಮಿಸ್ತ್ರಿ ಬಳಿದ ತೇಗ

ದೆಹಲಿಯ ಮಯೂರ್ ವಿಹಾರಕ್ಕೆ ಮೆಟ್ರೋ ಬರುವ ಮುಂಚಿನ ಮಾತು. ಓಖ್ಲಾ ಹತ್ತಿರ ಯಮುನೆಯಲ್ಲಿ ನಾವು ಮೂವರು ಗೆಳೆಯರು ಸೇರಿ ಒಂದು ಹಳೆಯ ಹಾಯಿದೋಣಿ ಇಟ್ಟುಕೊಂಡಿದ್ದೆವು. ಅದರ ಪುಟ್ಟ ಕ್ಯಾಬಿನ್ನಿನ ನೆಲ ಕೊಳೆತುಹೋಗಿತ್ತು. ತೇಗ ಹಾಕಿಸುವುದು ಸರ್ಕಾರಿ ಸಂಬಳದಲ್ಲಿ ಆಗದ ಮಾತು. ಪ್ಲೈವುಡ್ಡಿನ ಮೇಲೆ ಬಣ್ಣದಲ್ಲೇ ತೇಗದ ಗೆರೆ ಮೂಡಿಸುವ ಮಿಸ್ತ್ರಿಯೊಬ್ಬರ ವಿಳಾಸವನ್ನು ಮರದ ಅಂಗಡಿಯವನು ಕೊಟ್ಟ. ಹೋಗಿ ನೋಡಿದರೆ ಅದು ಶವಪೆಟ್ಟಿಗೆ ಮಾಡುವ ಜಾಗ.

ವಾಪಸ್ ಬಂದುಬಿಡೋಣ ಅನ್ನಿಸಿತು. ಆದರೆ ಗೋಡೆಗೆ ಒರಗಿಸಿದ್ದ ಮುಚ್ಚಳ ಕಣ್ಣಿಗೆ ಬಿತ್ತು. ಅಗ್ಗದ ಹಲಗೆ, ನೋಡಲು ಅಪ್ಪಟ ತೇಗ.

“ಎಷ್ಟು ವರ್ಷ ಬಾಳಿಕೆ ಬರುತ್ತೆ, ಮಿಸ್ತ್ರಿಜೀ?” ಎಂದು ಕೇಳಿದೆ.

ವಯಸ್ಸಾದ ಮಿಸ್ತ್ರಿ ಬ್ರಷ್ ಕೆಳಗಿಟ್ಟರು. “ಗೊತ್ತಿಲ್ಲ ಸಾಬ್. ಮೂವತ್ತು ವರ್ಷದಿಂದ ಮಾಡ್ತಿದ್ದೀನಿ. ಇಲ್ಲಿಂದ ಹೋಗಿದ್ದೆಲ್ಲ ಮಣ್ಣು ಸೇರುತ್ತೆ. ಹೇಗಿದೆ ಅಂತ ಯಾರೂ ಬಂದು ಹೇಳಿಲ್ಲ.”

ಕೆಲಸ ಅವರಿಗೇ ಒಪ್ಪಿಸಿದೆ.

ಒಂದು ಮಳೆಗಾಲ ಕಳೆಯುವಷ್ಟರಲ್ಲಿ, ಏಣಿ ಇಳಿದು ಕಾಲಿಡುವ ಕಡೆ ಬಣ್ಣ ಎದ್ದುಬಂತು. ಸಿಟ್ಟಿನಿಂದಲೇ ಹೋಗಿ ಹೇಳಿದೆ. ಮಿಸ್ತ್ರಿ ಎದ್ದು ನಿಂತರು.

“ಮಿಕ್ಕ ಕಡೆ ಹಾಗೇ ಇದೆಯಾ, ಸಾಬ್?”

“ಇದೆ.”

“ಇವತ್ತಿಗೂ?”

“ಇವತ್ತಿಗೂ.”

ಬಣ್ಣದ ಡಬ್ಬಿ ಎತ್ತಿಕೊಂಡು, ನಾನು ಕರೆಯುವ ಮೊದಲೇ ನನ್ನ ಸ್ಕೂಟರಿನ ಹಿಂದೆ ಕೂತರು. ಕಚೇರಿಯಲ್ಲಿ ದೂರು ಅರ್ಜಿಗಳ ವಿಭಾಗದಲ್ಲೇ ಸರ್ವಿಸ್ ಸವೆಸಿದವನು ನಾನು. ದೂರು ಕೇಳಿ ಮುಖ ಅರಳಿದ ಮನುಷ್ಯನನ್ನು ಕಂಡದ್ದು ಅವತ್ತೊಂದೇ ದಿನ.