ಒಗ್ಗರಣೆಯಿಲ್ಲದ ವಾರ್ಡು

ಆ ಬೆಳಿಗ್ಗೆ ಭದ್ರಾವತಿಯ ನಮ್ಮ ಕ್ವಾರ್ಟರ್ಸಿನಲ್ಲಿ ಇದ್ದವರು ಚಾಪೆಯ ಮೇಲೆ ಜ್ವರದಲ್ಲಿ ಬೇಯುತ್ತಿದ್ದ ನಮ್ಮೆಜಮಾನರು, ತಲೆದೆಸೆಯಲ್ಲಿ ಬೇವಿನ ಸೊಪ್ಪು ಹಿಡಿದ ಅತ್ತೆ, ಹೊಸ್ತಿಲಾಚೆ ಡಾಕ್ಟರು, ನಡುವೆ ನಾನು. ಮೂರು ದಿನದ ಹಿಂದೆ ಕಬ್ಬಿಣದ ಕುಲುಮೆಯ ಕೆಲಸ ಮುಗಿಸಿ ಬಂದವರು ಮೈಕೈ ನೋವೆಂದು ಮಲಗಿದ್ದರು. ಈಗ ಹಣೆಯ ತುಂಬ ಗುಳ್ಳೆ.

"ಸ್ಮಾಲ್‌ಪಾಕ್ಸ್," ಎಂದರು ಡಾಕ್ಟರು.

"ಹಂಗೆಲ್ಲ ಹೆಸರು ಹಿಡೀಬೇಡಿ. ಅಮ್ಮ ಬಂದಿದಾಳೆ ಅನ್ನಿ," ಅತ್ತೆ ಗದರಿದರು.

"ಆಯ್ತು ತಾಯಿ, ಅಮ್ಮನೇ. ಆದ್ರೆ ಈ ಸಾಲಿನ ತುಂಬ ಎಳೇ ಮಕ್ಕಳಿದಾವೆ. ಇವ್ರನ್ನ ಇವತ್ತೇ ಕಳಿಸ್ಕೊಡಿ."

ಎಲ್ಲಿಗೆ? ಶಿವಮೊಗ್ಗದ ದಾರಿಯಲ್ಲಿ ಅಂಟುರೋಗಗಳಿಗೆಂದೇ ದೆಹಲಿಯ ಸರ್ಕಾರದವರು ಕಟ್ಟಿಸುತ್ತಿದ್ದ ದೊಡ್ಡ ಆಸ್ಪತ್ರೆಗೆ. ಊರಿನ ಬಾಯಲ್ಲೆಲ್ಲ ಅದರದೇ ಮಾತು. ಕಿಟಕಿಗೆಲ್ಲ ಜಾಲರಿಯಂತೆ, ಬಟ್ಟೆ ಕುದಿಸಲು ಆಳೆತ್ತರದ ಬಾಯ್ಲರಂತೆ! ಗೋಡೆಗಳಿನ್ನೂ ಏಳುತ್ತಿದ್ದವು, ತಗಡಿನ ವಾರ್ಡೊಂದೇ ಸಿದ್ಧವಾಗಿತ್ತು.

ನನಗೆ ಲಸಿಕೆ ಆಗಿತ್ತು. ಅತ್ತೆಗೆ ಚಿಕ್ಕಂದಿನಲ್ಲೇ ಅಮ್ಮ ಬಂದು ಹೋಗಿದ್ದಳು. ಕೆನ್ನೆಯ ಕಲೆ ತೋರಿಸಿ ಅವರೂ ನಮ್ಮ ಜೊತೆ ಆಸ್ಪತ್ರೆಯ ವ್ಯಾನು ಹತ್ತಿಯೇಬಿಟ್ಟರು.

ಮಧ್ಯಾಹ್ನ ಆಸ್ಪತ್ರೆಯ ಅಡುಗೆಮನೆಯಿಂದ ಘಮ್ಮೆಂದು ವಾಸನೆ ಬಂತು. ಸಾಸಿವೆ, ಇಂಗು, ಕರಿಬೇವು.

ಇಡೀ ವಾರ್ಡು ಎದ್ದು ಕುಳಿತಿತು.

ಅಮ್ಮ ಇರುವ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಎಣ್ಣೆ ಕಾದರೆ ಅವಳು ಕೆರಳುತ್ತಾಳೆಂಬ ನಂಬಿಕೆ. ಕುಂಸಿ ಕಡೆಯ ಅಣ್ಣತಮ್ಮಂದಿರಿಬ್ಬರು ಕಂಬಳಿ ಸುತ್ತತೊಡಗಿದರು. ನಮ್ಮವರೂ ಗೋಡೆ ಹಿಡಿದು ನಿಂತರು. "ಅವ್ವ, ನಡಿ ಮನೆಗೆ."

ಬೆಳಿಗ್ಗೆ ಮನೆಗೆ ಬಂದಿದ್ದ ಡಾಕ್ಟರೇ ಓಡಿಬಂದರು. "ಏನಾಯ್ತು ತಾಯಿ?"

"ಅಮ್ಮನ್ನ ಒಳಗೆ ಕೂರಿಸ್ಕೊಂಡು ಒಗ್ಗರಣೆ ಹಾಕ್ತೀರಲ್ಲ ಮಾರಾಯ್ರೆ! ನಿಮ್ಮನೇಲಿ ಹೇಳೋ ಹಿರಿಯರು ಇರ್ಲಿಲ್ವಾ?" ಅತ್ತೆ ರೇಗಿದರು.

ಡಾಕ್ಟರು ಹಣೆ ಚಚ್ಚಿಕೊಂಡರು. "ನಮ್ಮಜ್ಜಿನೂ ಹಾಕ್ತಿರ್ಲಿಲ್ಲ. ನೋಡಿ, ಒಗ್ಗರಣೆ ನಾನು ನಿಲ್ಲಿಸ್ತೀನಿ. ಇವ್ರನ್ನ ನೀವು ನಿಲ್ಲಿಸ್ತೀರಾ?"

ಅತ್ತೆ ಬಾಗಿಲಿಗೆ ಅಡ್ಡ ಕುಳಿತರು. "ಕೂತ್ಕೊಳ್ರೋ! ಅಮ್ಮನ್ನ ಬಸ್ಸಲ್ಲಿ ಊರೂರು ಮೆರವಣಿಗೆ ಮಾಡ್ತೀರಾ?"

ಯಾರೋ ನಕ್ಕರು. ಕಂಬಳಿಗಳು ಬಿಚ್ಚಿಕೊಂಡವು. ಸಾರು ಹೋಯಿತು, ಸಪ್ಪೆ ಮೊಸರನ್ನ ಬಂತು. ಬಾಗಿಲಿಗೆ ಬೇವಿನ ತೋರಣವೂ ಬಂತು. ಅತ್ತೆಯೂ ಬಿಗುಮಾನ ಬಿಟ್ಟು ಡಾಕ್ಟರು ಹೇಳಿದಂತೆ ಸೋಪಿನಲ್ಲಿ ಕೈ ತೊಳೆದರು.

ಆಮೇಲೆ ನಮ್ಮವರ ರೆಪ್ಪೆಗಳು ಊದಿ ಅಂಟಿಕೊಂಡವು.

ಕುಲುಮೆಯ ಬೆಂಕಿಯ ಬಣ್ಣ ನೋಡಿ ಹದ ಹೇಳುತ್ತಿದ್ದವರು. ಕಣ್ಣೇ ಹೋದರೆ? ನರ್ಸು ಅರಳೆಯಿಂದ ಒರೆಸಿ ಔಷಧಿ ಬಿಡುವಾಗಲೆಲ್ಲ ನಾನು ಅವರ ತಲೆ ಅಲುಗದಂತೆ ಹಿಡಿದು ನಿಲ್ಲುತ್ತಿದ್ದೆ. ಮನೆಯಲ್ಲೇ ಇಟ್ಟುಕೊಂಡಿದ್ದರೆ ಆ ರೆಪ್ಪೆಗಳನ್ನು ಮುಟ್ಟಲು ನಮಗೆ ಧೈರ್ಯವೇ ಬರುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಒಂದು ಬೆಳಿಗ್ಗೆ ಎಡಗಣ್ಣು ಸೀಳಿನಷ್ಟು ತೆರೆಯಿತು.

"ಇದೇನೇ, ಆ ಹಳೇ ಹಸಿರು ಸೀರೇನೇ ಉಟ್ಟಿದೀಯಾ?"

ಬೇರೆ ಯಾವ ದಿನವಾದರೂ ಜಗಳ ತೆಗೆಯುತ್ತಿದ್ದೆ. ಅಂದು ಕುಣಿಯುವುದೊಂದು ಬಾಕಿ!

ಹಕ್ಕಳೆ ಉದುರಿತು. ಬೇವು, ಅರಿಸಿನದ ನೀರು ಹಾಕಿ ಮನೆಗೆ ಕರೆತಂದೆವು. ಮುಖದಲ್ಲಿ ಕಲೆಗಳುಳಿದಿವೆ, ಇರಲಿ. ಎರಡು ಕಣ್ಣೂ ಇವೆ. ನಮ್ಮ ಸಾಲಿನ ಒಂದು ಮಗುವಿಗೂ ತಗುಲಲಿಲ್ಲ.

ಮೊನ್ನೆ ದೊಡ್ಡ ಕಟ್ಟಡ ತೆರೆದರು. ಬ್ಯಾಂಡು, ಹಾರ, ಭಾಷಣ. ಸಿಡುಬಿನ ವಾರ್ಡಿನಲ್ಲಿ ಅಂದು ಒಬ್ಬ ರೋಗಿಯೂ ಇರಲಿಲ್ಲ. ಡಾಕ್ಟರು ಅತ್ತೆಯನ್ನು ಹುಡುಕಿ ಅಡುಗೆಮನೆಗೆ ಕರೆದೊಯ್ದರು. "ಇವತ್ತು ಹಾಕಬಹುದಾ ತಾಯಿ?"

ಅತ್ತೆ ಕಾದ ಎಣ್ಣೆಗೆ ಸಾಸಿವೆ ಹಾಕಿದರು. ಚಟಪಟ ಸಿಡಿಯಿತು. ನಮ್ಮೆಜಮಾನರು ಎರಡು ಸಲ ಸಾರು ಹಾಕಿಸಿಕೊಂಡರು.